ಮೂವತ್ತು ಮಿದುಳುಗಳ ಮಳೆಗಾಲ

ಹೋದ ತಿಂಗಳು ದವಡೆ ಹಲ್ಲು ನೋಯತೊಡಗಿ ಕೆ.ಬಿ. ಬಡಾವಣೆಯ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಕುರ್ಚಿಯಲ್ಲಿ ಒರಗಿಸಿ, ಹತ್ತಿಯನ್ನು ಲವಂಗದ ಎಣ್ಣೆಯಲ್ಲಿ ಅದ್ದಿ ಹಲ್ಲಿನ ತೂತಿಗೆ ಇಟ್ಟರು. ಆ ವಾಸನೆ ಮೂಗಿಗೆ ಬಂದದ್ದೇ ತಡ, ನಾಲ್ಕು ವರ್ಷದ ಹಿಂದಿನ ಮಳೆಗಾಲ ಕಣ್ಣ ಮುಂದೆ ಬಂದು ನಿಂತಿತು. "ಏನು ಯೋಚ್ನೆ ದಾದಾಪೀರ್?" ಅಂದರು ಡಾಕ್ಟರು. ಬಾಯಲ್ಲಿ ಹತ್ತಿ ಇತ್ತು. ಇಲ್ಲದಿದ್ದರೆ "ಮೀನಿನ ಮಿದುಳು" ಅಂತ ಹೇಳುತ್ತಿದ್ದೆ, ಅವರು ಬೇರೆ ಡಾಕ್ಟರ ಹತ್ತಿರ ಕಳಿಸುತ್ತಿದ್ದರೇನೋ.

ನಾನು ದಾವಣಗೆರೆ ಮಾರ್ಕೆಟ್ಟಿನಲ್ಲಿ ಮೀನು ಕೊಯ್ಯುವವನು. ಮಾರುವವನು ಅಂತಲೂ ಅನ್ನಬಹುದು. ಆದರೆ ಮಾರುವವರು ಬೇಕಾದಷ್ಟು ಜನ ಇದ್ದಾರೆ, ಕೊಯ್ಯಿಸಲು ಮಾತ್ರ ನನ್ನ ಹತ್ತಿರವೇ ಬರುತ್ತಾರೆ. ಏಳನೇ ಇಯತ್ತೆ ಅರ್ಧಕ್ಕೆ ಬಿಟ್ಟು ಅಪ್ಪನ ಮಣೆಯ ಮುಂದೆ ಕೂತವನು, ಇವತ್ತಿಗೂ ಎದ್ದಿಲ್ಲ. ಕೋಳಿ, ಕುರಿಯಾದರೆ ನಮ್ಮಲ್ಲಿ ಬಿಸ್ಮಿಲ್ಲಾ ಹೇಳಿ ಕೊಯ್ಯುವ ರಿವಾಜು. ಮೀನಿಗೆ ಅದಿಲ್ಲ. ಹಾಗಾಗಿ ಅಪ್ಪ ತಮ್ಮದೇ ಒಂದು ನೇಮ ಮಾಡಿಕೊಂಡಿದ್ದರು: ಮೀನು ಮಣೆಯ ಮೇಲೆ ಒದ್ದಾಡಬಾರದು. ಹುಣಸೆ ಕಟ್ಟಿಗೆಯ ಕೊಡತಿಯಿಂದ ನೆತ್ತಿಗೆ ಒಂದೇ ಏಟು. ಎರಡನೇ ಏಟು ಬೇಕಾದವನು ಕಸುಬುದಾರನಲ್ಲ ಅನ್ನುತ್ತಿದ್ದರು. ನಾನು ಎರಡನೇ ಏಟು ಹಾಕಿದ ನೆನಪಿಲ್ಲ. ಆ ಹೆಮ್ಮೆಯೇ ಆ ವರ್ಷ ನನ್ನನ್ನು ಆಡಿಸಿತು.

ಜೂನ್ ಮೊದಲ ವಾರವೇ ಮಳೆ ಹಿಡಿದುಕೊಂಡಿತ್ತು. ತಗಡಿನ ಮೇಲೆ ಬೀಳುವ ಸದ್ದಿಗೆ ಗಿರಾಕಿಗಳು ಕೂಗಿ ಮಾತಾಡಬೇಕು. ಅಂಥ ಒಂದು ಬೆಳಿಗ್ಗೆ ಇಪ್ಪತ್ತೈದು ಇಪ್ಪತ್ತಾರರ ಒಬ್ಬ ಹುಡುಗಿ ಕೊಡೆ ಮಡಚಿಕೊಂಡು ನನ್ನ ಮಣೆಯ ಮುಂದೆ ನಿಂತಳು. ಹಣೆಯ ಮೇಲೆ ಸಣ್ಣಗೆ ವಿಭೂತಿ. ದಾರಿ ತಪ್ಪಿ ಬಂದಿರಬೇಕು ಅಂದುಕೊಂಡೆ.

"ಅಣ್ಣಾರ, ಮೀನಿನ ತಲೆ ಬೇಕಿತ್ತು."

"ಸಾರಿಗಾ, ಫ್ರೈಗಾ?"

"ಓದಾಕೆ."

ಪಕ್ಕದ ಅಂಗಡಿಯವರೂ ನಕ್ಕರು. "ಓದಾಕೆ ಪುಸ್ತಕ ಸಿಗ್ತಾವಲ್ರಿ ಮೇಡಂ, ಇದರಾಗೆ ಏನು ಬರ್ದೈತೆ?" ಅಂದೆ.

"ಅದನ್ನೇ ನೋಡಬೇಕು," ಅಂದಳು. ನಗಲಿಲ್ಲ, ಅವಮಾನವೂ ಪಡಲಿಲ್ಲ.

ಅವಳ ಹೆಸರು ಶೈಲಜಾ. ಮನೆ ಕೆ.ಬಿ. ಬಡಾವಣೆ, ತಂದೆಗೆ ಕಿರಾಣಿ ಅಂಗಡಿ. ಮನೆಯಲ್ಲಿ ಮೊಟ್ಟೆ ಕೂಡ ಒಳಗೆ ಬರುವುದಿಲ್ಲ. ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಿದ್ದಳು, ವಿಷಯ ಮೀನಿನ ಮಿದುಳು. ಯಾವ ಮೀನು ಯಾವ ರೀತಿ ಆಹಾರ ಹುಡುಕುತ್ತದೋ ಅದಕ್ಕೆ ತಕ್ಕಂತೆ ಮಿದುಳಿನ ಒಂದೊಂದು ಭಾಗ ಉಬ್ಬಿರುತ್ತದೆಯಂತೆ. ನಮ್ಮ ಹೊಳೆಯ ಮೀನುಗಳಲ್ಲಿ ಅದನ್ನು ನೋಡಬೇಕು ಅಂತ ಅವಳ ಹಟ.

"ಹೊಟ್ಟೆ ಸೀಳಿದ್ರೆ ಏನು ತಿಂದೈತೆ ಅಂತ ನಾನೇ ಹೇಳ್ತೀನಿ," ಅಂದೆ. "ಅದಕ್ಕೆ ತಲೆ ಯಾಕ ಒಡೀಬೇಕು?"

"ಏನು ತಿಂತು ಅಂತ ಹೊಟ್ಟೆ ಹೇಳ್ತೈತೆ ಅಣ್ಣಾರ. ಹೆಂಗೆ ಹುಡುಕ್ತು ಅಂತ ತಲೆ ಹೇಳ್ತೈತೆ."

ಆ ಮಾತು ನನಗೆ ಹಿಡಿಸಿತು. ದಿನಾ ಬೆಳಿಗ್ಗೆ ಹರಿಹರದಿಂದ ಹನುಮಂತಪ್ಪ ಹೊಳೆಯ ಮೀನು ಜೀವಂತ ತರುತ್ತಿದ್ದ. ತುಂಗಭದ್ರೆಯಲ್ಲಿ ತೆಪ್ಪ ಹಾಕುವ ಮನೆತನ ಅವರದು, ಅವನ ಅಪ್ಪ ನನ್ನ ಅಪ್ಪನಿಗೆ ಮೀನು ಕೊಟ್ಟವರು. ಬಂದ ಮೀನಿನಲ್ಲಿ ಒಳ್ಳೆಯವನ್ನು ಆರಿಸಿ, ಒಂದೇ ಏಟು ಹಾಕಿ, ತಲೆ ಕತ್ತರಿಸಿ ಅವಳ ಡಬ್ಬಿಗೆ ಹಾಕುತ್ತಿದ್ದೆ. ಹೀಗೆ ಮೂರು ವಾರ ನಡೆಯಿತು. ಅವಳು ತೆಗೆದುಕೊಂಡು ಹೋಗುವಳು, ಮರುದಿನ ಸಪ್ಪೆ ಮುಖ ಹಾಕಿಕೊಂಡು ಬರುವಳು. ಕೊನೆಗೆ ಒಂದು ದಿನ ನಾನೇ ಕೇಳಿದೆ.

"ಯಾಕ ಮೇಡಂ, ತಲೆ ಚಲೋ ಇರಲಿಲ್ಲೇನು?"

ಅವಳು ಕೊಡತಿಯನ್ನೇ ನೋಡುತ್ತ ಹೇಳಿದಳು. "ತಲೆ ಚಲೋ ಅದಾವೆ. ಒಳಗೆ ಎಲ್ಲಾ ಪಾಯಸ ಆಗೇತಿ. ನಿಮ್ಮ ಒಂದೊಂದು ಏಟಿಗೆ ನಂದು ಒಂದೊಂದು ದಿನ ಹೋಗೇತಿ ಅಣ್ಣಾರ. ಹೇಳಾಕೆ ಬಾಯಿ ಬರಲಿಲ್ಲ."

ಇಪ್ಪತ್ತೈದು ವರ್ಷದಿಂದ ಯಾವುದನ್ನು ನನ್ನ ಕೈಗುಣ ಅಂದುಕೊಂಡಿದ್ದೆನೋ ಅದೇ ಈ ಹುಡುಗಿಯ ಕೆಲಸ ಕೆಡಿಸುತ್ತಿತ್ತು. ಸಿಟ್ಟು ಬಂತು. ಅವಳ ಮೇಲೋ ನನ್ನ ಮೇಲೋ ಗೊತ್ತಾಗಲಿಲ್ಲ.

ಅದೇ ವಾರ ಅವಳ ಗೈಡ್ ಸರ್ ಮಾರ್ಕೆಟ್ಟಿಗೆ ಬಂದರು. ಬೂಟು ನೆನೆಯದಂತೆ ಪ್ಯಾಂಟು ಎತ್ತಿ ಹಿಡಿದು ನನ್ನ ಮಣೆ, ಕೊಡತಿ, ಐಸು, ಎಲ್ಲವನ್ನೂ ನೋಡಿದರು. "ಶೈಲಜಾ, ಇದು ಮಾರ್ಕೆಟ್ಟಲ್ಲಿ ಆಗೋ ಕೆಲಸ ಅಲ್ಲ. ವಿಷಯ ಬದಲಿಸು," ಅಂದರು. ಎರಡು ವರ್ಷದ ಓದು, ಬರೆದ ಪುಸ್ತಕಗಳು, ಎಲ್ಲ ಮೂಲೆಗೆ ಹೋಗುತ್ತವೆ ಅಂತ ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಅವರು ಅವಳೊಂದಿಗೆ ಮಾತಾಡಿದರು, ನನ್ನನ್ನು ತಕ್ಕಡಿಯ ಹಾಗೆ ನೋಡಿದರು. ಅದು ನನಗೆ ತಾಗಿತು.

"ಎಷ್ಟು ಬೇಕು ಸಾರ್?" ಅಂದೆ.

"ಏನು?"

"ಮಿದುಳು. ಇಡಿಯಾಗಿ."

ಅವರು ಸಣ್ಣಗೆ ನಕ್ಕರು. "ಐದು ಜಾತಿ, ಒಂದೊಂದರಲ್ಲಿ ಆರು. ಎಲ್ಲಾ ಹೊಳೆ ಮೀನೇ ಆಗಬೇಕು. ಆಗಸ್ಟ್ ಕೊನೇ ಸೋಮವಾರದೊಳಗೆ. ಆಮೇಲೆ ನಾನು ಕಾಯಲ್ಲ."

"ಆಗ್ತೈತೆ."

ಪಕ್ಕದ ಅಂಗಡಿಯವರು ಕೆಮ್ಮಿದರು. ಮಾತು ಹೊರಗೆ ಬಿದ್ದಾಗಿತ್ತು.

ಅವತ್ತಿನಿಂದ ಕೊಡತಿ ಬದಿಗಿಟ್ಟೆ. ಶೈಲಜಾ ತಂದೆಯ ಅಂಗಡಿಯಿಂದ ಲವಂಗದ ಎಣ್ಣೆ ತಂದಳು. ನೀರಿನಲ್ಲಿ ಒಂದಷ್ಟು ಹನಿ ಹಾಕಿದರೆ ಮೀನು ಮೆಲ್ಲಗೆ ವಾಲಿ, ನಿದ್ದೆ ಹೋದ ಹಾಗೆ ಹೋಗಿಬಿಡುತ್ತಿತ್ತು. ಒದ್ದಾಟವಿಲ್ಲ. ಅಪ್ಪ ಇದ್ದಿದ್ದರೆ ಒಪ್ಪುತ್ತಿದ್ದರು ಅನ್ನಿಸಿತು. "ನಮ್ಮ ಅಪ್ಪಾಜಿ ಕೇಳಿದ್ರು, ಯೂನಿವರ್ಸಿಟಿಯಾಗೆ ಎಲ್ಲರಿಗೂ ಹಲ್ಲುನೋವಾ ಅಂತ," ಎಂದು ಶೈಲಜಾ ಮೊದಲ ಸಲ ನಕ್ಕದ್ದು ಆಗ.

ಅಂಗಡಿಯಲ್ಲಿ ಆ ಕೆಲಸ ಬಹಳ ದಿನ ನಡೆಯಲಿಲ್ಲ. ಮಿದುಳು ಇಡುವ ಬಾಟಲಿಯಲ್ಲಿ ಫಾರ್ಮಾಲಿನ್ ಇರುತ್ತಿತ್ತು. ಅದನ್ನು ಕಂಡ ಒಬ್ಬ ಗಿರಾಕಿ "ದಾದಾಪೀರ್ ಮೀನಿಗೆ ಹೆಣದ ಔಷಧಿ ಹಾಕ್ತಾನೆ" ಅಂತ ಊರು ತುಂಬ ಹೇಳಿದ. ಮೂರು ದಿನ ಮಣೆ ಒಣಗಿತು. ಮೀನು ಒಂದು ಕಡೆ, ಬಾಟಲಿ ಒಂದು ಕಡೆ ಇರಬೇಕು ಅಂತ ಎಲ್ಲವನ್ನೂ ಮನೆಯ ಹಿತ್ತಲಿನ ತಗಡಿನ ಕೆಳಗೆ ಸಾಗಿಸಿದೆ. ಬೆಳಿಗ್ಗೆ ಅಂಗಡಿ, ಮಧ್ಯಾಹ್ನ ಊಟವಾದ ಮೇಲೆ ಹಿತ್ತಲು. ಶೈಲಜಾಳೂ ಆ ಹೊತ್ತಿಗೆ ಬರುತ್ತಿದ್ದಳು.

ನನ್ನ ಹೆಂಡತಿ ಜರೀನಾ ಮೊದಲ ದಿನವೇ ಅಂದಳು. "ಮೀನಿನ ತಲೆಯಾಗೆ ಏನೈತೆ ಅಂತ ಆಮ್ಯಾಲೆ ನೋಡುವಂತ್ರಿ. ಮನಿಗೆ ಅಕ್ಕಿ ತರೋದು ನಿಮ್ಮ ತಲೆಯಾಗೆ ಐತಾ ಇಲ್ಲಾ ಅದನ್ನ ಮೊದ್ಲು ಹೇಳ್ರಿ."

ನನ್ನ ಚಾಕುಗಳೆಲ್ಲ ಆ ಕೆಲಸಕ್ಕೆ ದಪ್ಪ. ಕಬ್ಬಿಣ ಕೊಯ್ಯುವ ಮುರಿದ ಆಕ್ಸಾ ಬ್ಲೇಡನ್ನು ಸಾಣೆ ಹಿಡಿದು, ಬೆರಳುದ್ದದ ಒಂದು ಚಾಕು ಮಾಡಿಕೊಂಡೆ. ನೆತ್ತಿಯ ಎಲುಬನ್ನು ಒಂದೇ ಸಲಕ್ಕೆ ತೆಗೆಯಬಾರದು, ಬಟಾಣಿ ಸಿಪ್ಪೆಯಷ್ಟು ಚೂರು ಚೂರಾಗಿ ಕೀಳಬೇಕು. ಕೆಳಗೆ ಬೆಣ್ಣೆಯಂಥ ಕೊಬ್ಬು. ಅದನ್ನು ಸರಿಸಿದರೆ ಬಿಳೀ ಗಂಟುಗಳ ಸಾಲು, ನನ್ನ ಕಿರುಬೆರಳಿನ ತುದಿಗಿಂತ ಚಿಕ್ಕದು. ಕೆಳಗಿನ ನರಗಳನ್ನು ಒಂದೊಂದಾಗಿ ಕತ್ತರಿಸದೆ ಎತ್ತಿದರೆ ಹರಿದುಹೋಗುತ್ತದೆ. ಮೊದಲ ಹನ್ನೆರಡು ಹಾಳು ಮಾಡಿದೆ. ಹದಿಮೂರನೆಯದು ಇಡಿಯಾಗಿ ಅಂಗೈಗೆ ಬಂದಾಗ ಉಸಿರು ಬಿಡಲು ಹೆದರಿ ಕೂತಿದ್ದೆ.

ಅದು ಕೊರವ ಮೀನಿನದು. ನಡುವೆ ಎರಡು ದೊಡ್ಡ ಉಬ್ಬು. ಕಣ್ಣಿನ ಸುದ್ದಿ ಬಂದು ಸೇರುವ ಜಾಗ ಅದು ಅಂದಳು ಶೈಲಜಾ. ಸರಿಯೇ ಇತ್ತು. ಕೊರವ ಜೊಂಡಿನ ಮರೆಯಲ್ಲಿ ಕದಲದೆ ನಿಂತು, ಕಪ್ಪೆ ಕಂಡದ್ದೇ ಹಾರಿ ಹಿಡಿಯುವ ಜಾತಿ. ಮೀಸೆಯ ಗಿರ್ಲು ಮೀನಿನದು ಬೇರೆ: ಕಣ್ಣಿನ ಉಬ್ಬು ಚಿಕ್ಕದು, ಹಿಂದೆ ಇನ್ನೊಂದು ಜೋಡಿ ಗಂಟು. ಮೀಸೆಯಿಂದ ರುಚಿಯ ಸುದ್ದಿ ತರುವ ನರ ಅಲ್ಲಿಗೆ ಹೋಗುತ್ತದಂತೆ. ಕಲಕಿದ ನೀರಿನಲ್ಲಿ ಕಣ್ಣಿಗೆ ಏನು ಕೆಲಸ? ಅದು ಮೀಸೆಯಿಂದಲೇ ನೆಕ್ಕಿ ನೋಡುತ್ತ ಹೋಗುತ್ತದೆ. ಇಷ್ಟು ವರ್ಷ ಆ ಮೀಸೆಯನ್ನು ಕತ್ತರಿಸಿ ಬಿಸಾಡಿದವನು ನಾನು.

ಜಗಳವಾದದ್ದು ಗೆಂಡೆ ಮೀನಿನ ಮೇಲೆ.

"ಗೆಂಡೆ ಕೆಸರು ತಿಂತೈತೆ," ಅಂದೆ.

"ಇಲ್ಲಣ್ಣ, ಕೆಸರು ತಿನ್ನಲ್ಲ. ಕೆಸರು ಬಾಯಿಗೆ ಹಾಕ್ಕೊಳ್ತೈತೆ."

"ಎರಡಕ್ಕೂ ಏನು ಫರಕು?"

ಅವಳು ಮಾತಿಗೆ ನಿಲ್ಲಲಿಲ್ಲ. ಒಂದು ಜೀವಂತ ಗೆಂಡೆಯನ್ನು ಹಿತ್ತಲಿನ ಟಬ್ಬಿನಲ್ಲಿ ಬಿಡಿಸಿದಳು. ಒಂದೊಪ್ಪತ್ತು ಉಪವಾಸ ಕೆಡವಿ, ಮರಳಿನಲ್ಲಿ ನೆನೆಸಿದ ನುಚ್ಚು ಕಲಸಿ ತಳಕ್ಕೆ ಹಾಕಿದಳು. ಮೀನು ಮೂತಿ ಚಾಚಿ ಅಷ್ಟನ್ನೂ ಒಳಗೆಳೆದುಕೊಂಡಿತು. ಬಾಯಿ ಮುಚ್ಚಿ ಒಂದು ಗಳಿಗೆ ಹಾಗೇ ನಿಂತಿತು. ಆಮೇಲೆ ಪುಸ್ ಅಂತ ಮರಳನ್ನು ಉಗುಳಿತು. ನುಚ್ಚು ಹೊರಗೆ ಬರಲಿಲ್ಲ. ಮತ್ತೆ ಎಳೆಯಿತು, ಮತ್ತೆ ಉಗುಳಿತು. ಜರೀನಾ ಅಕ್ಕಿಯ ಮೊರ ಹಿಡಿದುಕೊಂಡೇ ಬಂದು ನೋಡಿದಳು. "ಅಲ್ಲಾ! ನಾನು ಕನ್ನಡಕ ಹಾಕ್ಕೊಂಡು ಕಲ್ಲು ಆರಿಸ್ತೀನಿ, ಇದು ಬಾಯಾಗೇ ಆರಿಸ್ತೈತಲ್ರೀ!"

ಗೆಂಡೆಯ ಅಂಗುಳದಲ್ಲಿ ಒಂದು ದಪ್ಪ ಮೆತ್ತೆ ಇರುತ್ತದೆ. ತಲೆ ಸಾರು ಬಲ್ಲವರು ಅದನ್ನೇ ಮೊದಲು ಹುಡುಕಿ ಬಾಯಿಗಿಡುತ್ತಾರೆ. ಅದರ ರುಚಿ ಗೊತ್ತಿತ್ತು, ಕೆಲಸ ಗೊತ್ತಿರಲಿಲ್ಲ. ಕಾಳು ಯಾವುದು, ಮರಳು ಯಾವುದು ಅಂತ ಆ ಮೆತ್ತೆ ಹೇಳುತ್ತದೆ, ಹೇಳಿದ್ದನ್ನು ಕೇಳಿಸಿಕೊಳ್ಳಲು ಮಿದುಳಿನ ಹಿಂಭಾಗದಲ್ಲಿ ಎರಡು ದಪ್ಪ ಉಬ್ಬು. ಬೇರೆ ಯಾವ ಮೀನಿನಲ್ಲೂ ಅಷ್ಟು ದಪ್ಪ ನಾನು ಕಂಡಿರಲಿಲ್ಲ. ನಾನು ಸೋತದ್ದನ್ನು ಬಾಯಿಬಿಟ್ಟು ಹೇಳಲಿಲ್ಲ. ಟೀ ತರಿಸಿದೆ, ಅಷ್ಟೇ. ಅವಳಿಗೆ ಅರ್ಥವಾಯಿತು. ಆವತ್ತಿನಿಂದ ಅವಳು ನನಗೆ ಮೇಡಂ ಅಲ್ಲ, ತಂಗಿ.

ಆಗಸ್ಟ್ ಮೂರನೇ ವಾರಕ್ಕೆ ಕೊರವ ಆರು, ಗಿರ್ಲು ಆರು, ಬಾಳೆ ಮೀನು ಆರು, ಕಾಟ್ಲಾ ಆರು ಆಗಿದ್ದವು. ಉಳಿದದ್ದು ಗೆಂಡೆ, ಮೊದಲು ತೆಗೆದದ್ದು ಹರಿದು ಲೆಕ್ಕಕ್ಕೆ ಬಂದಿರಲಿಲ್ಲ. ಘಟ್ಟದ ಮೇಲೆ ಮಳೆ ಜೋರಾಗಿ ಹೊಳೆ ಕೆಂಪಗೆ ಏರಿತ್ತು, ತೆಪ್ಪ ಇಳಿಸುವಂತಿರಲಿಲ್ಲ. ಅಂಥದ್ದರಲ್ಲಿ ಹನುಮಂತಪ್ಪ ಒಂದೇ ದಿನ ಆರು ಗೆಂಡೆ ತಂದುಕೊಟ್ಟ, ಒಂದೇ ಅಳತೆಯವು. ಎರಡು ಮಧ್ಯಾಹ್ನದಲ್ಲಿ ಆರೂ ಮಿದುಳು ತೆಗೆದೆ. ಒಂದೂ ಹರಿಯಲಿಲ್ಲ. ಗಡುವಿಗೆ ಇನ್ನೂ ಒಂದು ವಾರ ಇರುವಾಗಲೇ ಮೂವತ್ತು ಬಾಟಲಿ ಸಾಲಾಗಿ ನಿಂತವು. ಗೈಡ್ ಸರ್ ಬಂದಾಗ ಹೇಗೆ ನಿಲ್ಲಬೇಕು ಅಂತಲೂ ಮನಸ್ಸಿನಲ್ಲೇ ಒಂದು ಸಲ ನಿಂತು ನೋಡಿಕೊಂಡೆ.

ಶೈಲಜಾ ಪ್ರತಿ ಮೀನಿನ ಹೊಟ್ಟೆಯನ್ನೂ ಸೀಳಿ ಒಳಗೆ ಇದ್ದದ್ದನ್ನು ಬರೆದುಕೊಳ್ಳುತ್ತಿದ್ದಳು. "ಅಣ್ಣ, ಇಲ್ಲಿ ನೋಡ್ರಿ," ಅಂದಳು. "ಆರರಾಗೂ ಹಿಟ್ಟಿನಂಗೆ ಐತೆ. ಏನಿದು?"

ಬಗ್ಗಿ ನೋಡಿದೆ. ಬೆರಳಿನಲ್ಲಿ ತೀಡಿ ಮೂಸಿದೆ. ದಾವಣಗೆರೆಯಲ್ಲಿ ಹುಟ್ಟಿದವನಿಗೆ ಆ ವಾಸನೆ ಹೇಳಿಕೊಡಬೇಕಾಗಿಲ್ಲ. ಮಂಡಕ್ಕಿ ಭಟ್ಟಿಯಲ್ಲಿ ಉಳಿಯುವ ಪುಡಿ, ಅದರ ಜೊತೆ ಕಡಲೆಹಿಂಡಿ. ಹೊಳೆಯ ಗೆಂಡೆಯ ಹೊಟ್ಟೆಯಲ್ಲಿ ಶಂಖದ ಚೂರು, ಹುಳ, ಬೇರು ಇರಬೇಕು. ಇದು ಹೊಂಡದಲ್ಲಿ ಸಾಕಿದ ಮೀನು.

ಗೊತ್ತಾಯಿತು. ಆದರೂ ನನ್ನ ಬಾಯಿಂದ ಬಂದ ಮಾತು ಬೇರೆ. "ಹೊಳೆ ಏರೈತಲ್ಲ, ಏನೋ ಮೆತ್ತನೆ ಕೆಸರಿರಬೇಕು. ಬರ್ಕೋ."

ಅವಳು ಬರೆದುಕೊಂಡಳು. ನಾನು ಹೇಳಿದೆ ಅಂತ ಬರೆದುಕೊಂಡಳು.

ಮರುದಿನ ಬೆಳಿಗ್ಗೆ ಮಣೆಯ ಮುಂದೆ ಕೂರಲು ಆಗಲಿಲ್ಲ. ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ಹನುಮಂತಪ್ಪ ದಂಡೆಯ ಮೇಲೆ ಬಲೆ ಹೊಲಿಯುತ್ತಿದ್ದ.

"ಗೆಂಡೆ ಎಲ್ಲಿಯವು?"

"ಹೊಳೇವು."

"ಹೊಳೆ ಮೀನಿಗೆ ಮಂಡಕ್ಕಿ ಹಾಕಿದೋರು ಯಾರು?"

"ಜನ ಎಸೀತಾರಲ್ಲ ಮಾರಾಯ, ನೀರಿಗೆ ಬಂದೋರು."

"ಹಿಂಡೀನೂ ಎಸೀತಾರಾ?"

ಅವನು ಸೂಜಿ ಕೆಳಗಿಟ್ಟ. "ಆನಗೋಡು ಕಡೆ ಒಬ್ರ ಕೃಷಿ ಹೊಂಡದ್ದು. ಏನು ಮಾಡ್ಲಿ? ಹೊಳೆ ಹಿಂಗೈತೆ, ನೀನು ಅಲ್ಲಿ ಮಾತು ಕೊಟ್ಟು ಕುಂತಿದ್ದಿ. ನಿನ್ನ ಮರ್ಯಾದಿ ಉಳೀಲಿ ಅಂತ ತಂದೆ. ಅದರ ಮೈಮ್ಯಾಲೆ ಬರ್ದೈತಾ ಹೊಂಡದ್ದು ಅಂತ?"

ಬೈಯಬೇಕು ಅಂತ ಹೋಗಿದ್ದೆ. ಬೈಯಲು ಆಗಲಿಲ್ಲ. ಅವನೂ ನಾನೂ ಒಂದೇ ಕಾರಣಕ್ಕೆ ಸುಳ್ಳು ಹೇಳಿದ್ದೆವು.

ಮಧ್ಯಾಹ್ನ ಶೈಲಜಾ ಬಂದಾಗ ನಿಂತುಕೊಂಡೇ ಹೇಳಿದೆ. ಅವಳು ಕೂತಳು. "ಕೈಯಿಂದ ಹಾಕಿದ್ದನ್ನ ತಿಂದು ಬೆಳೆದ ಮೀನು ಇವು. ಹೊಳೆ ಮೀನು ಅಂತ ಹೆಂಗೆ ಬರೀಲಿ?" ಅಂತ ತನಗೇ ಹೇಳಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು. "ನಿಮಗೆ ನಿನ್ನೇನೇ ಗೊತ್ತಾಗಿತ್ತಲ್ಲಾ? ಯಾಕ ಹೇಳ್ಲಿಲ್ಲ?"

"ನಿನ್ನೆ ನನಗೆ ನನ್ನ ಮಾತೇ ದೊಡ್ಡದಾಗಿತ್ತು ತಂಗಿ."

ಅವಳು ಆರು ಬಾಟಲಿಗಳನ್ನು ಸಾಲಿನಿಂದ ತೆಗೆದು ಬೇರೆ ಹಲಗೆಯ ಮೇಲಿಟ್ಟಳು. ಪುಸ್ತಕದಲ್ಲಿ ಆರು ಸಾಲಿನ ಮೇಲೆ ಪೆನ್ಸಿಲಿನಿಂದ ಗೀಟು ಎಳೆದಳು. ಆ ಗೀಟಿನ ಸದ್ದು ಬೈಗುಳಕ್ಕಿಂತ ಜೋರಾಗಿ ಕೇಳಿತು.

"ಇನ್ನೂ ಆರು ದಿನ ಐತೆ," ಅಂದೆ.

"ಹೊಳೆ?"

"ಹೊಳೆ ನನಗೆ ಬಿಡು."

ಹೊಳೆ ಏರಿದಾಗ ಗೆಂಡೆ ನಡುನೀರಿನಲ್ಲಿ ಇರುವುದಿಲ್ಲ. ದಂಡೆ ದಾಟಿ ಗದ್ದೆಗೆ ನುಗ್ಗಿದ ನೀರಿನಲ್ಲಿ, ಹೊಸ ಮಣ್ಣು ಕೆದಕುತ್ತ ಇರುತ್ತದೆ. ಇದು ಹನುಮಂತಪ್ಪನಿಗೆ ಗೊತ್ತಿದ್ದ ವಿದ್ಯೆ. ತಪ್ಪು ಮಾಡಿದವನು ಅವನೇ ಆದ್ದರಿಂದ ಬೀಸುಬಲೆ ಹೊತ್ತುಕೊಂಡು ಮುಂದೆ ನಡೆದವನೂ ಅವನೇ. ದಿನಾ ಮಧ್ಯಾಹ್ನ ಅಂಗಡಿ ಮುಚ್ಚಿ ಹರಿಹರಕ್ಕೆ ಹೋಗುತ್ತಿದ್ದೆ. ಮೊಣಕಾಲುದ್ದ ಕೆಸರು, ಮೇಲೆ ಮಳೆ. ಬುಧವಾರ ಒಂದು, ಗುರುವಾರ ಎರಡು, ಶುಕ್ರವಾರ ನಮಾಜು ಮುಗಿಸಿ ಹೋದರೆ ಬರೀ ಜೊಂಡು. ಶನಿವಾರ ಎರಡು. ಅವತ್ತಿಗೆ ಇಪ್ಪತ್ತೊಂಬತ್ತು.

"ಒಂದು ತಾನೆ," ಅಂದ ಹನುಮಂತಪ್ಪ, ಹಣೆ ಒರೆಸಿಕೊಳ್ಳುತ್ತ. "ಹಲಗೆ ಮ್ಯಾಲೆ ಆರು ಅದಾವೆ ಅಂದ್ಯಲ್ಲ?"

"ಅದಾವೆ. ಅಲ್ಲೇ ಇರ್ತಾವೆ."

ಉಳಿದದ್ದು ಭಾನುವಾರ. ನಮ್ಮ ಕಸುಬಿನಲ್ಲಿ ಭಾನುವಾರ ಅಂದರೆ ವಾರದ ಅರ್ಧ ವ್ಯಾಪಾರ. ಅಪ್ಪ ತೀರಿಕೊಂಡ ವಾರವೂ ಭಾನುವಾರ ಬಾಗಿಲು ತೆಗೆದಿದ್ದೆ. ಆವತ್ತು ತೆಗೆಯಲಿಲ್ಲ. ಜರೀನಾ ರೊಟ್ಟಿ ಕಟ್ಟಿಕೊಟ್ಟು, "ಗಿರಾಕಿ ಕೇಳಿದ್ರೆ ಏನು ಹೇಳ್ಲಿ?" ಅಂದಳು. "ಮೀನು ಹಿಡಿಯಾಕೆ ಹೋಗ್ಯಾನೆ ಅನ್ನು." "ನಂಬಾಕಿಲ್ಲ," ಅಂದಳು.

ಶೈಲಜಾಳೂ ಬಂದಳು. ಇದೊಂದು ದಾರಿಯಲ್ಲಿ ಸತ್ತು ಕೆಟ್ಟರೆ ಇನ್ನೊಂದು ಹಿಡಿಯಲು ದಿನವಿಲ್ಲ, ಅಲ್ಲೇ ತೆಗೆಯಬೇಕು ಅಂತ ಬಾಟಲಿ, ಎಣ್ಣೆ, ಚಿಮುಟ ಎಲ್ಲ ಚೀಲದಲ್ಲಿ ತಂದಿದ್ದಳು. ಹನ್ನೊಂದು ಗಂಟೆಯವರೆಗೆ ಬಲೆಯಲ್ಲಿ ಜಿಲೇಬಿ ಮೀನು, ಕಳೆ, ಒಂದು ಹಳೇ ಚಪ್ಪಲಿ. ಮಳೆ ನಿಂತು ಬಿಸಿಲು ಬಂತು. ಎರಡು ಗಂಟೆ ಸುಮಾರಿಗೆ ಗದ್ದೆಯ ಬದುವಿನ ಹತ್ತಿರ ನೀರಿನಿಂದ ಸಣ್ಣ ಸಣ್ಣ ಕೆಸರಿನ ಹೊಗೆ ಏಳುವುದು ಕಂಡಿತು. ಏಳುತ್ತಿತ್ತು, ನಿಲ್ಲುತ್ತಿತ್ತು, ಒಂದು ಮೊಳ ಆಚೆ ಮತ್ತೆ ಏಳುತ್ತಿತ್ತು.

"ಉಗುಳ್ತೈತೆ," ಅಂತ ಪಿಸುಗುಟ್ಟಿದಳು ಶೈಲಜಾ.

ನಾನು ಬೆರಳು ತೋರಿಸಿದೆ. ಹನುಮಂತಪ್ಪ ಬಲೆ ಬೀಸಿದ.

ಗದ್ದೆಯ ಬದುವಿನ ಕಲ್ಲಿನ ಮೇಲೆ ಕೂತು, ನೆನೆದ ಪಂಚೆಯಲ್ಲಿ ಕೈ ಒರೆಸಿಕೊಂಡು ಆ ತಲೆ ಬಿಚ್ಚಿದೆ. ಎಲುಬು, ಕೊಬ್ಬು, ನರ. ಹನುಮಂತಪ್ಪ ನನಗೆ ಬಿಸಿಲು ಬೀಳದ ಹಾಗೆ ತನ್ನ ಟವೆಲ್ಲು ಹಿಡಿದು ನಿಂತಿದ್ದ. ಶೈಲಜಾ ಹೊಟ್ಟೆ ಸೀಳಿ, ಶಂಖದ ಚೂರೊಂದನ್ನು ಉಗುರಿನ ಮೇಲಿಟ್ಟು ನನ್ನ ಕಣ್ಣಿಗೆ ಹಿಡಿದಳು. ಅಷ್ಟು ಹೊತ್ತಿಗೆ ಮಿದುಳು ನನ್ನ ಅಂಗೈಯಲ್ಲಿತ್ತು, ಹಿಂದಿನ ಎರಡು ಉಬ್ಬುಗಳ ಸಮೇತ ಇಡಿಯಾಗಿ.

ಸೋಮವಾರ ಬೆಳಿಗ್ಗೆ ಗೈಡ್ ಸರ್ ನಮ್ಮ ಹಿತ್ತಲಿಗೆ ಬಂದರು. ಜರೀನಾ ಕುರ್ಚಿ ಹಾಕಿದಳು, ಕೂರಲಿಲ್ಲ. ಮೂವತ್ತು ಬಾಟಲಿಗಳನ್ನೂ ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಬೇರೆ ಹಲಗೆಯ ಮೇಲಿನ ಆರರ ಕಡೆ ಕೈ ತೋರಿಸಿ, "ಅವು?" ಅಂದರು.

ಶೈಲಜಾ ಬಾಯಿ ತೆರೆಯುವ ಮುಂಚೆ ನಾನೇ ಹೇಳಿದೆ. "ಹೊಂಡದ ಮೀನು ಸಾರ್. ಹೊಳೇದು ಅಂತ ಮೊದ್ಲು ನಾನೇ ಬರೆಸಿದ್ದೆ. ಸುಳ್ಳು ಅದು. ಹೊಟ್ಟೆಯಾಗೆ ಮಂಡಕ್ಕಿ ಪುಡಿ ಇತ್ತು."

ಅವರು ನನ್ನನ್ನು ನೋಡಿದರು. ಈ ಸಲ ತಕ್ಕಡಿಯನ್ನು ನೋಡಿದ ಹಾಗೆ ಅಲ್ಲ. ಶೈಲಜಾಳ ಪುಸ್ತಕ ತೆಗೆದುಕೊಂಡು, ಗೀಟು ಎಳೆದ ಸಾಲುಗಳನ್ನೂ ಅದರ ಕೆಳಗಿನ ಹೊಸ ಸಾಲುಗಳನ್ನೂ ಓದಿದರು. ಕೊನೆಗೆ ಪುಸ್ತಕ ಮುಚ್ಚಿ ಅವಳ ಕೈಗೆ ಕೊಟ್ಟರು.

"ವಿಷಯ ಬದಲಿಸೋದು ಬೇಡ. ಇದನ್ನೇ ಮುಂದುವರಿಸು," ಅಂದರು.

ಶೈಲಜಾ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಜರೀನಾ ಹೋಗಿ ಅವಳ ಬೆನ್ನ ಮೇಲೆ ಕೈ ಇಟ್ಟಳು.

ಹೊರಡುವಾಗ ಸರ್ ಬಾಗಿಲಲ್ಲಿ ನಿಂತರು. "ದಾದಾಪೀರ್ ಅವರೇ, ಮುಂದಿನ ತಿಂಗಳು ಹಾವು ಮೀನಿನದು ಬೇಕಾಗುತ್ತೆ. ತೆಗೀತೀರಾ?"

"ತೆಗೀತೀನಿ ಸಾರ್," ಅಂದೆ. "ಯಾವ ದಿನ ಬೇಕಾದ್ರೂ ಬರ್ರಿ. ಭಾನುವಾರ ಒಂದು ಬ್ಯಾಡ."